ಸನ್ನದು ಯಾರ ಕೈಯಲ್ಲಿದೆ?

ಚಿನಕುರಳಿಯ ನಮ್ಮ ಚಿಕ್ಕಪ್ಪ ಜಮೀನಿನ ಕೇಸಿನಲ್ಲಿ ಸೋತರು. ಮೇಲ್ಮನವಿ ಹಾಕಿದ್ದೇನೆ ಅಂತ ಲಾಯರು ಎರಡು ವರ್ಷ ಹೇಳುತ್ತಲೇ ಬಂದರು. ಹಾಕಿರಲೇ ಇಲ್ಲ. ಗಡುವು ಮುಗಿದುಹೋಗಿತ್ತು.

"ಜಡ್ಜ್ ಸಾಹೇಬ್ರಿಗೇ ಒಂದು ಅರ್ಜಿ ಕೊಟ್ರೆ ಇವ್ರ ಸನ್ನದು ಕಿತ್ಕಳಾಕಿಲ್ವಾ ಮಗ?" ಅಂತ ಕೇಳಿದರು. ಇಲ್ಲ ಅಂದೆ. ನಂಬಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹಿಂದೆ ನಡೆಯುತ್ತಿದ್ದದ್ದೇ ಹಾಗೆ.

ಬ್ರಿಟಿಷ್ ಇಂಡಿಯಾದ 1879ರ ಕಾಯ್ದೆಯಲ್ಲಿ ಪ್ಲೀಡರುಗಳನ್ನು ಸಸ್ಪೆಂಡ್ ಮಾಡುವ, ತೆಗೆದೇಹಾಕುವ ಅಧಿಕಾರ ಹೈಕೋರ್ಟಿನದು. 1926ರಲ್ಲಿ ಬಾರ್ ಕೌನ್ಸಿಲ್‌ಗಳು ಬಂದವು. ಆದರೆ ಅವು ವಿಚಾರಣೆ ಮಾಡಿ ವರದಿ ಕೊಡಬೇಕಿತ್ತು ಅಷ್ಟೆ, ಕೊನೆಯ ಮಾತು ಹೈಕೋರ್ಟಿನದೇ. ನಮ್ಮ ಮೈಸೂರು ಸಂಸ್ಥಾನಕ್ಕೆ ತನ್ನದೇ ಕೋರ್ಟು: 1884ರಲ್ಲಿ ಚೀಫ್ ಕೋರ್ಟ್, 1930ರಿಂದ ಅದೇ ಹೈಕೋರ್ಟ್. ಧಾರವಾಡ, ಬೆಳಗಾವಿ ಕಡೆ 1920ರ ಬಾಂಬೆ ಪ್ಲೀಡರ್ಸ್ ಕಾಯ್ದೆ. 1956ರಲ್ಲಿ ನಾಡು ಒಂದಾದಾಗ ಬೇರೆ ಬೇರೆ ಕಡೆಯ ಸನ್ನದು ಹಿಡಿದ ವಕೀಲರು ಒಂದೇ ಹೈಕೋರ್ಟಿನ ಕೆಳಗೆ ಬಂದರು.

ಸನ್ನದು ಜಡ್ಜ್ ಕೈಯಲ್ಲಿದ್ದರೆ ಏನಾಗುತ್ತೆ? 1919ರಲ್ಲಿ ಅಹಮದಾಬಾದಿನ ಕೆಲವು ವಕೀಲರು ಗಾಂಧೀಜಿಯ ಸತ್ಯಾಗ್ರಹ ಪ್ರತಿಜ್ಞೆಗೆ ಸಹಿ ಹಾಕಿದರು. ಜಿಲ್ಲಾ ಜಡ್ಜ್ ಕೆನಡಿ ಅವರ ಮೇಲೆ ಬಾಂಬೆ ಹೈಕೋರ್ಟಿಗೆ ಪತ್ರ ಬರೆದ, ಹೈಕೋರ್ಟಿನಿಂದ ನೋಟಿಸ್ ಬಂತು. ಕಕ್ಷಿದಾರನಿಗೆ ಮೋಸ ಮಾಡಿದ್ದಕ್ಕಲ್ಲ, ಒಂದು ಸಹಿಗೆ! ಆ ಪತ್ರವನ್ನು ಯಂಗ್ ಇಂಡಿಯಾದಲ್ಲಿ ಅಚ್ಚು ಹಾಕಿದ ಗಾಂಧೀಜಿಯ ಮೇಲೂ ನ್ಯಾಯಾಂಗ ನಿಂದನೆ ಕೇಸು ಬಿತ್ತು.

ಸ್ವತಂತ್ರ ಭಾರತದ 1961ರ ಅಡ್ವೊಕೇಟ್ಸ್ ಕಾಯ್ದೆ ಈ ಅಧಿಕಾರವನ್ನು ರಾಜ್ಯ ವಕೀಲರ ಪರಿಷತ್ತುಗಳಿಗೆ ಕೊಟ್ಟಿತು. ಸದಸ್ಯರನ್ನು ಆರಿಸುವವರು ವಕೀಲರೇ. ಹೆಸರು ನೋಂದಾಯಿಸುವವರೂ ಅವರೇ, ತೆಗೆಯುವವರೂ ಅವರೇ. ನಿಂದನೆಗೆ ಶಿಕ್ಷೆಯಾಗಿ ತಾನೂ ಸನ್ನದು ಕಿತ್ತುಕೊಳ್ಳುವಂತಿಲ್ಲ ಅಂತ 1998ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು. (ನಮ್ಮ ಐಟಿಯವರಿಗೆ ಸನ್ನದೇ ಇಲ್ಲ. ಸರ್ವರ್ ಬೀಳಿಸಿದವನು ಮುಂದಿನ ತಿಂಗಳು ಇನ್ನೊಂದು ಕಂಪನಿಯಲ್ಲಿರುತ್ತಾನೆ.)

ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ಪರಿಷತ್ತು ಅದನ್ನು 3 ಜನರ ಶಿಸ್ತು ಸಮಿತಿಗೆ ಕಳಿಸುತ್ತೆ. ಛೀಮಾರಿ, ಅಮಾನತು, ಇಲ್ಲವೇ ಪಟ್ಟಿಯಿಂದ ಹೆಸರು ತೆಗೆಯೋದು, ಇಷ್ಟು ಶಿಕ್ಷೆ. ಒಂದು ವರ್ಷದಲ್ಲಿ ಮುಗಿಯದಿದ್ದರೆ ಕೇಸು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗಬೇಕು. ತಮಿಳುನಾಡಿನಲ್ಲಿ ಹೀಗೇ ದಾವೆ ಹಾಕಿದ್ದೇನೆ ಅಂತ ಸುಳ್ಳು ಹೇಳಿದ ವಕೀಲರೊಬ್ಬರಿಗೆ ರಾಜ್ಯ ಪರಿಷತ್ತು 6 ವರ್ಷ ಅಮಾನತು ಮಾಡಿತು. ದೆಹಲಿಯವರು 1 ವರ್ಷಕ್ಕೆ ಇಳಿಸಿದರು. 1978ರಲ್ಲಿ ಸುಪ್ರೀಂ ಕೋರ್ಟಿನ ಕೃಷ್ಣ ಅಯ್ಯರ್, ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡು ಅಂತ ಶಿಕ್ಷೆಯ ದಾರಿಯನ್ನೇ ಬದಲಿಸಿದರು. ನನಗೆ ಇದು ಇಷ್ಟವಾಯಿತು, ಚಿಕ್ಕಪ್ಪನಿಗೆ ಆಗಲಿಲ್ಲ.

ಗ್ರಾಹಕರ ಕೋರ್ಟಿಗೆ ಹೋಗೋಣ ಅಂದರೆ, ವಕೀಲರ ಸೇವೆ ಆ ಕಾಯ್ದೆಗೆ ಬರಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಸಹಿ ಹಾಕಿದ ವಕೀಲನನ್ನು ಕಾಯುವ ಗೋಡೆ ಬೇಕೇ ಬೇಕು, ಅದು ನನಗೂ ಗೊತ್ತು. ಆದರೆ ಗೋಡೆಯ ಹೊರಗೆ ಚಿಕ್ಕಪ್ಪ ನಿಂತಿದ್ದಾರೆ. ಪರಿಷತ್ತಿನಲ್ಲಿ ಗೆದ್ದರೂ ಜಮೀನು ಬರಲ್ಲ. ಅದಕ್ಕೆ ತಡವನ್ನು ಮನ್ನಿಸಿ ಅಂತ ಕೋರ್ಟಿಗೆ ಬೇರೆ ಅರ್ಜಿ, ಮತ್ತೊಬ್ಬ ಲಾಯರು.

"ಆ ಮೂರು ಜನಾನೂ ಲಾಯರ್‌ಗಳೇಯಾ?"

"ಹೂಂ ಚಿಕ್ಕಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಫೀಸಿನ ರಸೀತಿಗಳನ್ನು ತೆಗೆದು ತಾರೀಖಿನ ಪ್ರಕಾರ ಜೋಡಿಸತೊಡಗಿದರು.