ಅಹಿಫೇನವ್ಯಸನವೂ ಔಷಧಸಹಿತ ಚಿಕಿತ್ಸೆಯೂ: ಹಾಸನ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತ ಚಾರಿತ್ರಿಕ ವಿಚಾರ

೧. ವಸ್ತುವೂ ಹೆಸರೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಗಸಗಸೆಯ ಪಾಯಸವು ಹಬ್ಬದೂಟದ ಪರಿಚಿತವಾದ ಭಕ್ಷ್ಯ. ಈ ಗಸಗಸೆಯು ಯಾವ ಗಿಡದ ಬೀಜವೋ ಆ ಗಿಡದ ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮಾಗುತ್ತದೆ. ಬೀಜದಲ್ಲಿ ಅಮಲಿನ ಗುಣವು ಇಲ್ಲವೆನ್ನುವಷ್ಟು ಅಲ್ಪ. ಹಾಲಿನಲ್ಲಿ ಅದು ಪ್ರಬಲ. ಒಂದೇ ಗಿಡವು ಊಟಕ್ಕೂ ಔಷಧಕ್ಕೂ ವಿಷಕ್ಕೂ ಮೂಲವಾಗಿರುವ ಈ ಸಂಗತಿಯೇ ಅಫೀಮಿನ ಚರಿತ್ರೆಯಲ್ಲಿ ಕಂಡುಬರುವ ತೊಡಕುಗಳಿಗೆಲ್ಲ ಕಾರಣವೆಂದರೆ ತಪ್ಪಾಗಲಾರದು.

ಹೆಸರಿನ ಚರಿತ್ರೆಯೂ ವಿಚಾರಾರ್ಹವಾದುದು. ಗ್ರೀಕ್ ಭಾಷೆಯ ‘ಓಪಿಯಾನ್’ ಎಂಬ ಶಬ್ದವು ಅರಬ್ಬಿಯಲ್ಲಿ ‘ಅಫ್ಯೂನ್’ ಆಯಿತು; ಅದರಿಂದ ಕನ್ನಡದ ‘ಅಫೀಮು’ ಬಂದಿತು. ಸಂಸ್ಕೃತದಲ್ಲಿ ಇದನ್ನು ‘ಅಹಿಫೇನ’, ಎಂದರೆ ಹಾವಿನ ನೊರೆ, ಎಂದು ಕರೆದರು. ಇದು ಪರಭಾಷೆಯ ಶಬ್ದಕ್ಕೆ ಅರ್ಥವನ್ನು ಹೊಂದಿಸಿ ತೊಡಿಸಿದ ಸಂಸ್ಕೃತದ ಉಡುಪೆಂದು ಪಂಡಿತರು ತಿಳಿಯುತ್ತಾರೆ. ಚರಕ ಸುಶ್ರುತ ಸಂಹಿತೆಗಳಲ್ಲಿ ಈ ದ್ರವ್ಯದ ಪ್ರಸ್ತಾಪವಿಲ್ಲ. ಶಾರ್ಙ್ಗಧರ ಸಂಹಿತೆ ಮುಂತಾದ ಮಧ್ಯಯುಗದ ಗ್ರಂಥಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಆದಕಾರಣ ಇದು ಪಶ್ಚಿಮದಿಂದ ನಮ್ಮ ದೇಶಕ್ಕೆ ಬಂದು, ಅತಿಸಾರಕ್ಕೂ ನೋವಿಗೂ ಮದ್ದಾಗಿ ನೆಲೆಸಿತೆಂದು ಹೇಳಬಹುದು.

ವಿಷವನ್ನೂ ಅದರ ಚಿಕಿತ್ಸೆಯನ್ನೂ ಶಾಸ್ತ್ರವಾಗಿ ವಿಚಾರಿಸುವ ಸಂಪ್ರದಾಯವು ಕನ್ನಡಕ್ಕೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ರಚಿಸಿದ ‘ಖಗೇಂದ್ರಮಣಿದರ್ಪಣ’ವು ಇದಕ್ಕೆ ಸಾಕ್ಷಿಯಾಗಿದೆ. ವಿಷವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಪ್ರಮಾಣವನ್ನೂ ಕಾಲವನ್ನೂ ಕೊಡುವವನನ್ನೂ ಅನುಸರಿಸಿ ಅದು ಮದ್ದೋ ಮೃತ್ಯುವೋ ಆಗುತ್ತದೆಂಬ ತಿಳಿವಳಿಕೆ ಈ ನಾಡಿನ ವೈದ್ಯರಿಗೆ ಇದ್ದಿತು. ಮುಂದೆ ನಿರೂಪಿಸುವ ಚರಿತ್ರೆಯನ್ನು ಈ ಮೂರು ಮಾತುಗಳ ಒರೆಗಲ್ಲಿನ ಮೇಲೆ ಪರೀಕ್ಷಿಸುವುದು ಉಚಿತ: ಅಫೀಮನ್ನು ಕೊಡುವವನು ಯಾರು? ಎಷ್ಟು ಕೊಡುತ್ತಾನೆ? ಯಾವ ಉದ್ದೇಶದಿಂದ ಕೊಡುತ್ತಾನೆ?

೨. ಅಬ್ಕಾರಿಯ ಕಾಲ

ಕ್ರಿ. ಶ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು ಕೋಲಾರದ ಕಡೆ ಗಸಗಸೆಯ ಗಿಡವನ್ನು ಅಫೀಮಿಗಾಗಿಯೂ, ಸಿಹಿತಿಂಡಿಗೆ ಬೇಕಾಗುವ ಬೀಜಕ್ಕಾಗಿಯೂ ಬೆಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ತರುವಾಯದ ಕಾಲದಲ್ಲಿ ಅಫೀಮು ಅಬ್ಕಾರಿಯ ಬಾಬಾಯಿತು. ಬ್ರಿಟಿಷ್ ಇಂಡಿಯದಲ್ಲಿ ೧೮೫೭ ಮತ್ತು ೧೮೭೮ರ ಕಾನೂನುಗಳು ಬೆಳೆ, ತಯಾರಿಕೆ, ಮಾರಾಟಗಳನ್ನು ಸರ್ಕಾರದ ಕೈಕೆಳಗೆ ತಂದವು. ಹಾಸನವು ಸೇರಿದ್ದ ಮೈಸೂರು ಸಂಸ್ಥಾನದಲ್ಲಿಯೂ ಪರವಾನಗಿ ಪಡೆದ ಅಂಗಡಿಯ ಮೂಲಕ ಮಾರಾಟ ಮಾಡಿಸಿ ಹುಟ್ಟುವಳಿ ಪಡೆಯುವ ಪದ್ಧತಿಯೇ ನಡೆಯಿತು. ಮೇಲ್ಕಂಡ ಮೂರು ಪ್ರಶ್ನೆಗಳಿಗೆ ಈ ಕಾಲವು ಕೊಟ್ಟ ಉತ್ತರ ಸ್ಪಷ್ಟವಾದುದು: ಕೊಡುವವನು ಅಂಗಡಿಯವನು, ಪ್ರಮಾಣವು ಕಾನೂನಿನ ಮಿತಿಯೊಳಗೆ ಕೊಳ್ಳುವವನ ಹಣವಿದ್ದಷ್ಟು, ಉದ್ದೇಶವು ಹುಟ್ಟುವಳಿ.

ಇದನ್ನು ಕುರಿತು ಇಂಗ್ಲೆಂಡಿನಲ್ಲಿ ಆಕ್ಷೇಪಣೆ ಎದ್ದುದರಿಂದ ೧೮೯೩ರಲ್ಲಿ ಅಫೀಮಿನ ರಾಯಲ್ ಕಮಿಷನ್ ನೇಮಕವಾಯಿತು. ಅದು ೧೮೯೫ರಲ್ಲಿ ಒಪ್ಪಿಸಿದ ವರದಿಯಲ್ಲಿ, ಮಿತವಾಗಿ ಅಫೀಮು ತಿನ್ನುವುದರಿಂದ ಹೆಚ್ಚಿನ ಹಾನಿಯಿಲ್ಲವೆಂದೂ, ಪೂರ್ಣ ನಿಷೇಧವು ಅನಾವಶ್ಯಕವೆಂದೂ ಅಭಿಪ್ರಾಯಪಟ್ಟಿತು. ಅಫೀಮು ಚಳಿಜ್ವರವನ್ನು ತಡೆಯುತ್ತದೆಂಬ ನಂಬಿಕೆಯೂ ಅಲ್ಲಿ ಚರ್ಚೆಗೆ ಬಂದಿತು. ಚಳಿಜ್ವರವು ಆಗಿನ ಕಾಲದಲ್ಲಿ ಮಲೆನಾಡಿನ ಅಂಚಿನ ಹಾಸನ ಸೀಮೆಗೆ ಚೆನ್ನಾಗಿ ಪರಿಚಿತವಾಗಿದ್ದ ವ್ಯಾಧಿ. ಜ್ವರ, ಕೀಲುನೋವು, ಹೊಟ್ಟೆನೋವು, ಮೈಮುರಿಯುವ ದುಡಿಮೆ ಇವುಗಳಿಗೆ ವೈದ್ಯನು ದೊರೆಯದಿದ್ದಲ್ಲಿ ಅಂಗಡಿಯ ಗುಳಿಗೆಯೇ ವೈದ್ಯನಾಗುವುದು ಸಹಜ. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರು ೧೯೨೦ರ ದಶಕದಿಂದ ನಡೆಸಿದ ಸಂಶೋಧನೆಗಳಲ್ಲಿಯೂ ಜನರು ಈ ಅಭ್ಯಾಸಕ್ಕೆ ಬೀಳುವುದಕ್ಕೆ ವ್ಯಾಧಿ ಮತ್ತು ನೋವುಗಳು ಮುಖ್ಯ ಕಾರಣಗಳಲ್ಲಿ ಸೇರಿದ್ದುದು ಕಂಡುಬಂದಿತು. ಭೋಗಕ್ಕಾಗಿಯೇ ಜನರು ಅಫೀಮು ತಿನ್ನುತ್ತಾರೆಂಬ ಮಾತು ಪೂರ್ಣಸತ್ಯವಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

೩. ನಿಲುಗಡೆಯ ಪ್ರಯತ್ನ

ರಾಷ್ಟ್ರಗಳ ಸಂಘವು ವೈದ್ಯಕೀಯ ಅವಶ್ಯಕತೆಯನ್ನು ಲೆಕ್ಕಹಾಕಿ, ಹತ್ತು ಸಾವಿರ ಜನರಿಗೆ ವರ್ಷಕ್ಕೆ ಆರು ಸೇರು ಅಫೀಮು ಸಾಕೆಂಬ ಮಾನದಂಡವನ್ನು ಹಾಕಿತು. ಅಸ್ಸಾಮು ಮೊದಲಾದೆಡೆಗಳಲ್ಲಿ ಖರ್ಚು ಇದಕ್ಕಿಂತ ಬಹಳ ಹೆಚ್ಚಾಗಿತ್ತು. ಅಲ್ಲಿ ಕಾಂಗ್ರೆಸ್ಸಿನ ವಿಚಾರಣಾ ಸಮಿತಿಯು ೧೯೨೫ರಲ್ಲಿ ವರದಿಯನ್ನು ಪ್ರಕಟಿಸಿತು. ೧೯೩೦ರಲ್ಲಿ ಅಪಾಯಕಾರಿ ಔಷಧಗಳ ಕಾನೂನು ಬಂದಿತು. ಸ್ವಾತಂತ್ರ್ಯಾನಂತರ ೧೯೪೯ರಲ್ಲಿ ಸೇರಿದ ಅಖಿಲ ಭಾರತ ಅಫೀಮು ಸಮ್ಮೇಳನವು, ವೈದ್ಯಕೀಯವಲ್ಲದ ಉಪಯೋಗಕ್ಕೆ ಕೊಡುವ ಅಫೀಮನ್ನು ವರ್ಷವರ್ಷವೂ ಕಡಮೆ ಮಾಡುತ್ತ ಹತ್ತು ವರ್ಷಗಳಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸಿತು. ೧೯೫೦ರ ಕಾನೂನಿನಿಂದ ಅಫೀಮಿನ ಶಾಸನಗಳು ಮೈಸೂರಿನಂತಹ ಹಳೆಯ ಸಂಸ್ಥಾನಗಳಿಗೂ ವಿಸ್ತರಿಸಲ್ಪಟ್ಟವು. ೧೯೫೯ರ ಏಪ್ರಿಲ್ ೧ರಿಂದ ಅಂಗಡಿಯ ಮಾರಾಟಕ್ಕೆ ಕೊನೆಯಾಗಿ, ವೈದ್ಯರ ಪ್ರಮಾಣಪತ್ರವನ್ನು ಪಡೆದು ಹೆಸರನ್ನು ನೋಂದಾಯಿಸಿಕೊಂಡ ವ್ಯಸನಿಗಳಿಗೆ ಮಾತ್ರ ಅಳತೆಯ ಅಫೀಮನ್ನು ಕೊಡುವ ಏರ್ಪಾಡು ಉಳಿಯಿತು.

ಈ ನೋಂದಣಿಯ ಏರ್ಪಾಡನ್ನು ಚರಿತ್ರಕಾರರು ಉಪೇಕ್ಷಿಸುವುದುಂಟು. ಆದರೆ ಬಹುಕಾಲದ ಅಭ್ಯಾಸವುಳ್ಳವನಿಗೆ ಒಮ್ಮೆಲೆ ನಿಲ್ಲಿಸಿದರೆ ಅಪಾಯವೆಂಬುದನ್ನೂ, ವೈದ್ಯನ ತಿಳಿವಿನಲ್ಲಿ ಮಿತವಾಗಿ ಕೊಡುವುದು ಅಪರಾಧವಲ್ಲವೆಂಬುದನ್ನೂ ಸರ್ಕಾರವು ಇದರಲ್ಲಿ ಒಪ್ಪಿಕೊಂಡಂತಾಯಿತು. ಅಂಗಡಿಯವನ ಸ್ಥಾನದಲ್ಲಿ ವೈದ್ಯನು ನಿಂತನು. ಕೊರತೆಯಾದುದು ಒಂದೇ: ಕೊಡುವ ದ್ರವ್ಯವು ಹಳೆಯ ಅಫೀಮೇ ಆಗಿತ್ತು, ವ್ಯಸನಿಯನ್ನು ಸ್ವಸ್ಥಜೀವನಕ್ಕೆ ತರುವ ಚಿಕಿತ್ಸೆಯು ಅದರೊಡನೆ ಸೇರಿರಲಿಲ್ಲ.

ಅಂದಿನ ಚಿಕಿತ್ಸೆಯಾದರೂ ಅಭ್ಯಾಸವನ್ನು ಬಿಡಿಸುವುದರಲ್ಲಿಯೇ ಮುಗಿಯುತ್ತಿತ್ತು. ಚೋಪ್ರಾ ಅವರೂ ಸಹೋದ್ಯೋಗಿಗಳೂ ಲೆಸಿಥಿನ್ ಮತ್ತು ಗ್ಲೂಕೋಸುಗಳನ್ನು ಕೊಟ್ಟು ಬಿಡುಗಡೆಯ ಸಂಕಟವನ್ನು ಕಡಮೆ ಮಾಡಲು ಯತ್ನಿಸಿದರು. ಸಂಕಟವು ಕೆಲವು ದಿನಗಳಲ್ಲಿ ಇಳಿಯುತ್ತದೆ. ಆಸೆಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಬಿಟ್ಟವನು ಮತ್ತೆ ಹಿಡಿಯುವುದು ಎಲ್ಲ ದೇಶಗಳ ವೈದ್ಯರ ಅನುಭವವಾಗಿದ್ದಿತು.

೪. ಹೊಸ ಔಷಧಗಳು

ಜರ್ಮನಿಯ ಸರ್ಟ್ಯೂರ್ನರನು ಅಫೀಮಿನ ಸಾರವಾದ ಮಾರ್ಫಿನ್ನನ್ನು ಬೇರ್ಪಡಿಸಿ ೧೮೧೭ರಲ್ಲಿ ವಿವರವಾಗಿ ಪ್ರಕಟಿಸಿದನು. ೧೮೭೪ರಲ್ಲಿ ಲಂಡನ್ನಿನಲ್ಲಿ ರೈಟ್ ಎಂಬಾತನು ಮೊದಲು ತಯಾರಿಸಿದ ಹೆರಾಯಿನ್ ದ್ರವ್ಯವನ್ನು ೧೮೯೮ರಿಂದ ಬೇಯರ್ ಸಂಸ್ಥೆಯು ಕೆಮ್ಮಿನ ಔಷಧವಾಗಿ ಮಾರಿತು. ಮಾರ್ಫಿನ್ನಿನಂತೆ ಇದು ಚಟ ಹಿಡಿಸದೆಂದು ಆಗ ಅನೇಕರು ನಂಬಿದ್ದರು. ಆ ನಂಬಿಕೆ ಸುಳ್ಳಾಯಿತು. ಒಂದು ಅಮಲನ್ನು ಇನ್ನೊಂದರಿಂದ ನೀಗುವೆನೆಂಬ ಮಾತನ್ನು ಜನರು ಸಂಶಯದಿಂದ ನೋಡುವುದಕ್ಕೆ ಈ ಪೂರ್ವಕಥೆಯೂ ಒಂದು ಕಾರಣ.

ಆದರೆ ೧೯೩೦ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಮೆಥಡೋನ್ ಬೇರೆ ಬಗೆಯದು. ಬಾಯಿಂದ ಸೇವಿಸಿದ ಒಂದು ಗುಟುಕು ಇಡೀ ದಿನ ನಿಲ್ಲುತ್ತದೆ. ಸೂಜಿಯ ಹೆರಾಯಿನ್ನಿನಂತೆ ಅಮಲಿನ ಏರಿಳಿತವನ್ನು ಉಂಟುಮಾಡುವುದಿಲ್ಲ. ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ೨೨ ಜನ ರೋಗಿಗಳಿಗೆ ಇದನ್ನು ದಿನವೂ ಕೊಟ್ಟು, ಅವರು ಓದಿಗೂ ಕೆಲಸಕ್ಕೂ ಸಂಸಾರಕ್ಕೂ ಮರಳಿದುದನ್ನು ೧೯೬೫ರಲ್ಲಿ ಪ್ರಕಟಿಸಿದರು. ವ್ಯಸನವು ಶೀಲದ ದೋಷವೆಂಬುದಕ್ಕಿಂತ ದೀರ್ಘಕಾಲದ ವ್ಯಾಧಿಯೆಂಬ ಭಾವನೆಗೆ ಇಲ್ಲಿಂದ ಬಲ ಬಂದಿತು. ೧೯೭೩ರಲ್ಲಿ ಮೆದುಳಿನಲ್ಲಿ ಅಫೀಮಿನ ಸಾರವು ಅಂಟುವ ಗ್ರಾಹಕಗಳನ್ನೂ, ೧೯೭೫ರಲ್ಲಿ ದೇಹವು ತಾನೇ ಉತ್ಪತ್ತಿ ಮಾಡುವ ಅಂತಹ ದ್ರವ್ಯಗಳನ್ನೂ ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ ಇದಕ್ಕೆ ಶಾರೀರಿಕವಾದ ಆಧಾರವೂ ದೊರೆಯಿತು.

೧೯೬೬ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಬ್ಯುಪ್ರೆನಾರ್ಫಿನ್ ಎಂಬ ಔಷಧವು ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಗೆ ಬಂದುದು. ಇದು ಆ ಗ್ರಾಹಕಗಳಿಗೆ ಗಟ್ಟಿಯಾಗಿ ಅಂಟಿಕೊಂಡರೂ ಅವುಗಳನ್ನು ಅರ್ಧಮಾತ್ರವೇ ಪ್ರಚೋದಿಸುತ್ತದೆ. ಆದಕಾರಣ ಸಂಕಟವೂ ಆಸೆಯೂ ಅಡಗುತ್ತವೆ. ಪ್ರಮಾಣವನ್ನು ಹೆಚ್ಚಿಸಿದರೂ ಒಂದು ಮಿತಿಯಿಂದಾಚೆಗೆ ಉಸಿರನ್ನು ಕುಗ್ಗಿಸುವ ಗುಣವು ಏರುವುದಿಲ್ಲ. ಮದ್ಯದೊಡನೆಯೋ ನಿದ್ರೆಯ ಗುಳಿಗೆಗಳೊಡನೆಯೋ ಸೇರಿದರೆ ಅಪಾಯವುಂಟು. ಗುಳಿಗೆಯನ್ನು ನಾಲಗೆಯ ಕೆಳಗಿಟ್ಟು ಕರಗಿಸಬೇಕು. ಸೂಜಿಯ ಮೂಲಕ ದುರುಪಯೋಗವಾಗದಂತೆ ನ್ಯಾಲಾಕ್ಸೋನನ್ನು ಬೆರಸುವುದೂ ಉಂಟು. ಹಳೆಯ ಅಮಲಿಳಿದು ಸಂಕಟವು ತೋರಿದ ಮೇಲೆಯೇ ಮೊದಲ ಗುಳಿಗೆಯನ್ನು ಕೊಡಬೇಕು; ಮೊದಲೇ ಕೊಟ್ಟರೆ ಸಂಕಟವು ಒಮ್ಮೆಲೆ ಉಕ್ಕುತ್ತದೆ. ೨೦೦೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್‌ಗಳನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

೫. ಶಾಸನವೂ ಕರ್ನಾಟಕದ ಏರ್ಪಾಡುಗಳೂ

೧೯೮೫ರ ಮಾದಕದ್ರವ್ಯ ಕಾನೂನು ಕಠಿಣಶಿಕ್ಷೆಗಳಿಗೆ ಪ್ರಸಿದ್ಧವಾಗಿದೆ. ಆದರೆ ಅದರಲ್ಲಿಯೇ ಚಿಕಿತ್ಸಾಕೇಂದ್ರಗಳನ್ನು ಸ್ಥಾಪಿಸುವ ಅಧಿಕಾರವನ್ನು ೭೧ನೆಯ ಕಲಮು ಸರ್ಕಾರಕ್ಕೆ ಕೊಟ್ಟಿದೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಅಲ್ಪಪ್ರಮಾಣದ ಅಪರಾಧಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆಯನ್ನು ೬೪ಎ ಕಲಮು ಕೊಡುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಕಾನೂನು ಮದ್ಯ ಮತ್ತು ಮಾದಕದ್ರವ್ಯಗಳಿಂದುಂಟಾಗುವ ಸ್ಥಿತಿಗಳನ್ನೂ ಮಾನಸಿಕ ಅಸ್ವಾಸ್ಥ್ಯದಲ್ಲಿ ಸೇರಿಸಿ, ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿತು. ‘ಚಟ ಬಿಡಿಸುವ’ ಹೆಸರಿನಲ್ಲಿ ಜನರನ್ನು ಕೂಡಿಹಾಕುವ ಸ್ಥಳಗಳಿಗೆ ಈ ಕಾನೂನು ನೇರವಾದ ಉತ್ತರ.

ಕನ್ನಡನಾಡಿನಲ್ಲಿ ಈ ಚಿಕಿತ್ಸೆಯ ಮುಖ್ಯಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ೧೮೪೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯೇ ಮುಂದೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. ಅದೂ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ಈ ಸಂಸ್ಥೆಯಾಯಿತು. ೧೯೯೦ರ ದಶಕದಲ್ಲಿ ಇಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕ ವಿಭಾಗವು ಬೆಳೆಯಿತು. ಅದೇ ದಶಕದಲ್ಲಿ ದೆಹಲಿ ಮೊದಲಾದ ನಗರಗಳಲ್ಲಿ ಬ್ಯುಪ್ರೆನಾರ್ಫಿನ್ ಗುಳಿಗೆಯನ್ನು ದಿನವೂ ಎದುರಿನಲ್ಲಿಯೇ ಕೊಡುವ ಕೇಂದ್ರಗಳು ತೆರೆದುವು. ೨೦೦೭ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ, ಸೂಜಿಯ ಮೂಲಕ ರೋಗ ಹರಡುವುದನ್ನು ತಡೆಯಲು, ಸರ್ಕಾರವೇ ಈ ಕಾರ್ಯವನ್ನು ಕೈಗೊಂಡಿತು.

೬. ನಾಲ್ಕು ತಾಲ್ಲೂಕುಗಳ ಸ್ಥಿತಿ

೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಸುಮಾರು ೨.೨೬ ಕೋಟಿ ಜನರು ಅಫೀಮು ಜಾತಿಯ ದ್ರವ್ಯಗಳನ್ನು ಉಪಯೋಗಿಸುತ್ತಿದ್ದರು; ಅವರಲ್ಲಿ ಸುಮಾರು ೭೭ ಲಕ್ಷ ಜನರಿಗೆ ಸಹಾಯವು ಬೇಕಾಗಿತ್ತು. ಹೆರಾಯಿನ್ ಬಳಸುವವರು ನೂರಕ್ಕೆ ೧.೧೪, ಔಷಧದಂಗಡಿಯ ನೋವಿನ ಗುಳಿಗೆಗಳನ್ನು ದುರುಪಯೋಗಿಸುವವರು ೦.೯೬, ಹಳೆಯ ಅಫೀಮನ್ನು ಬಳಸುವವರು ೦.೫೨. ಈಶಾನ್ಯ ಪ್ರಾಂತಗಳು, ಪಂಜಾಬು ಮೊದಲಾದುವು ಮುಂದಿದ್ದುವು. ಕರ್ನಾಟಕವು ಆ ಪಂಕ್ತಿಯಲ್ಲಿರಲಿಲ್ಲ. ಆದರೆ ಈ ಅಂಕಿಗಳಲ್ಲಿ ಒಂದು ಎಚ್ಚರಿಕೆಯಿದೆ. ಗಸಗಸೆಯ ಹೊಲವಾಗಲಿ ಅಫೀಮಿನ ಅಂಗಡಿಯಾಗಲಿ ಇಲ್ಲದ ಊರಿಗೂ ನೋವಿನ ಗುಳಿಗೆ ಬರುತ್ತದೆ. ೨೦೧೮ರಲ್ಲಿ ಟ್ರಮಡಾಲ್ ಎಂಬ ನೋವಿನ ಔಷಧವನ್ನು ಮಾದಕದ್ರವ್ಯ ಕಾನೂನಿನ ಕೆಳಗೆ ತಂದುದಕ್ಕೆ ಈ ದುರುಪಯೋಗವೇ ಕಾರಣ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಹಾಸನ ನಗರಕ್ಕೆ ಮೂವತ್ತು ನಲವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿವೆ. ಬೆಂಗಳೂರು ಹಾಸನದಿಂದ ಸುಮಾರು ೧೮೫ ಕಿಲೋಮೀಟರು. ದಿನವೂ ಗುಳಿಗೆಯನ್ನು ಎದುರಿನಲ್ಲಿಯೇ ಸೇವಿಸಬೇಕೆಂಬ ನಿಯಮವು ನಗರದ ಬೀದಿಯಲ್ಲಿರುವವನಿಗೆ ಸಾಧ್ಯ. ಆಲೂಗೆಡ್ಡೆಯ ಹೊಲದಲ್ಲಿಯೋ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿಯೋ ದುಡಿಯುವ ಕೂಲಿಗೆ ಅದು ದಿನದ ಕೂಲಿಯನ್ನೇ ಕಳೆಯುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಚಿಕಿತ್ಸೆಯ ಪ್ರಶ್ನೆಯು ಬಹುಮಟ್ಟಿಗೆ ದೂರದ ಪ್ರಶ್ನೆಯಾಗುತ್ತದೆ. ೨೦೦೬ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಳ್ಳಾರಿಯ ಪ್ರಯೋಗದ ಮಾದರಿಯ ಮೇಲೆ ೧೯೯೬ರಲ್ಲಿ ದೇಶದಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ‘ಮನೋಚೈತನ್ಯ’ದ ಏರ್ಪಾಡು, ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ೧೪೪೧೬ರ ದೂರವಾಣಿ, ಇವೆಲ್ಲವೂ ಈ ದೂರವನ್ನು ತಗ್ಗಿಸುವ ಮಾರ್ಗಗಳು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಕೆಲವು ದಿನಗಳ ಗುಳಿಗೆಯನ್ನು ಮನೆಗೆ ಕೊಟ್ಟು ಕಳುಹಿಸಲು ದೇಶದ ಕೇಂದ್ರಗಳಿಗೆ ಅನುಮತಿ ದೊರೆತುದು, ಗ್ರಾಮಾಂತರದ ರೋಗಿಯ ದೃಷ್ಟಿಯಿಂದ ವಿಶೇಷವಾಗಿ ಗಮನಾರ್ಹ.

೭. ಉಪಸಂಹಾರ

‘ಒಂದು ಚಟವನ್ನು ಬಿಡಿಸಿ ಇನ್ನೊಂದನ್ನು ಅಂಟಿಸಿದಂತಾಗಲಿಲ್ಲವೆ?’ ಎಂಬ ಆಕ್ಷೇಪಣೆಗೆ ಚರಿತ್ರೆಯಲ್ಲಿಯೇ ಉತ್ತರವಿದೆ. ಅಂಗಡಿಯವನು ಹುಟ್ಟುವಳಿಗಾಗಿ ಕೊಟ್ಟುದಕ್ಕೂ ವೈದ್ಯನು ಜೀವರಕ್ಷಣೆಗಾಗಿ ಕೊಡುವುದಕ್ಕೂ ಭೇದವಿದೆ. ಸಿಹಿಮೂತ್ರದ ರೋಗಿಯು ದಿನವೂ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಚಟವೆಂದು ಯಾರೂ ಕರೆಯುವುದಿಲ್ಲ. ಅಫೀಮನ್ನು ಕೆಲವು ವಾರ ಬಿಟ್ಟವನ ದೇಹವು ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮತ್ತೆ ಅದೇ ಪ್ರಮಾಣವನ್ನು ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ೨೦೧೭ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಸಂಗ್ರಹಸಮೀಕ್ಷೆಯಲ್ಲಿ, ಮೆಥಡೋನ್ ಚಿಕಿತ್ಸೆಯಲ್ಲಿದ್ದವರೊಳಗೆ ಸಾವಿರ ಜನರಿಗೆ ವರ್ಷಕ್ಕೆ ೧೧.೩ ಮರಣಗಳೂ, ಚಿಕಿತ್ಸೆಯನ್ನು ಬಿಟ್ಟ ಕಾಲದಲ್ಲಿ ೩೬.೧ ಮರಣಗಳೂ ಕಂಡುಬಂದುವು. ‘ಪೂರ್ಣ ಬಿಟ್ಟು ಶುದ್ಧನಾಗಿ ಬಾ’ ಎಂದು ಮನೆಯವರು ಹಾಕುವ ಒತ್ತಾಯವು ಎಷ್ಟೇ ಸದುದ್ದೇಶದ್ದಾದರೂ, ಈ ಅಂಕಿಗಳ ಮುಂದೆ ಅದನ್ನು ಪುನರ್ವಿಚಾರ ಮಾಡಬೇಕಾಗುತ್ತದೆ.

ಒಂದೂವರೆ ಶತಮಾನದೊಳಗೆ ಅಫೀಮಿನ ಜಾತಿಯ ದ್ರವ್ಯವನ್ನು ಕೊಡುವ ಕೈ ಅಂಗಡಿಯಿಂದ ನೋಂದಣಿಯ ಕಚೇರಿಗೂ, ಅಲ್ಲಿಂದ ಆಸ್ಪತ್ರೆಗೂ ಬದಲಾಯಿತು. ಪ್ರಮಾಣವು ತಿನ್ನುವವನ ಹಣವನ್ನು ಬಿಟ್ಟು ರೋಗಿಯ ದೇಹಸ್ಥಿತಿಯನ್ನು ಅನುಸರಿಸತೊಡಗಿತು. ಉದ್ದೇಶವು ಹುಟ್ಟುವಳಿಯಿಂದ ನಿಷೇಧಕ್ಕೂ, ನಿಷೇಧದಿಂದ ಆರೋಗ್ಯಕ್ಕೂ ತಿರುಗಿತು. ಈ ಮೂರನೆಯ ಉದ್ದೇಶವು ಬೆಂಗಳೂರಿನಲ್ಲಿ ಸಿದ್ಧಿಸಿದರೆ ಸಾಲದು; ಅರಕಲಗೂಡಿನ ಕೂಲಿಗೂ ಚನ್ನರಾಯಪಟ್ಟಣದ ಲಾರಿಚಾಲಕನಿಗೂ ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ, ಕೂಲಿ ತಪ್ಪದಂತೆ, ಮಾನಕ್ಕೆ ಕುಂದು ಬಾರದಂತೆ, ಅದು ದೊರೆತಾಗಲೇ ಈ ಚರಿತ್ರೆಯು ಪೂರ್ಣವಾಯಿತೆಂದು ಹೇಳಬಹುದು.