ಒಂದು ಪದವಿಯ ಜೊತೆಗೆ ಅಂತಾರಾಷ್ಟ್ರೀಯ ಅಧ್ಯಯನ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಹಿರಿಯರು ಇಂಜಿನಿಯರಿಂಗ್, ವಾಣಿಜ್ಯ ಅಥವಾ ಕಾನೂನು ಎನ್ನುತ್ತಾರೆ. ಮಗನೋ ಮಗಳೋ ವಿದೇಶಾಂಗ ವ್ಯವಹಾರ, ಜಗತ್ತಿನ ರಾಜಕಾರಣ, ಹೊಸದೊಂದು ಭಾಷೆ ಎನ್ನುತ್ತಾರೆ. ಒಂದನ್ನು ಬಿಟ್ಟೇ ಇನ್ನೊಂದನ್ನು ಹಿಡಿಯಬೇಕೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಎರಡನ್ನೂ ಒಟ್ಟಿಗೆ ಓದುವ ದಾರಿಗಳು ಇಂದು ತೆರೆದಿವೆ. ಆ ದಾರಿಗಳಾವುವು, ಅವುಗಳಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳೇನು ಎಂಬುದನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಏನಿದು ವಿಷಯ?

ಅಂತಾರಾಷ್ಟ್ರೀಯ ಅಧ್ಯಯನವು ಒಂದೇ ಶಾಸ್ತ್ರವಲ್ಲ. ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ಮತ್ತು ಕಾನೂನುಗಳು ಇದರಲ್ಲಿ ಸೇರುತ್ತವೆ. ಇವುಗಳ ಜೊತೆಗೆ ಯಾವುದಾದರೊಂದು ಭೂಪ್ರದೇಶದ ಪರಿಚಯ ಹಾಗೂ ಅಲ್ಲಿನ ಭಾಷೆಯ ಕಲಿಕೆ ಕೂಡಿದಾಗ ವಿಷಯಕ್ಕೆ ಪೂರ್ಣತೆ ಬರುತ್ತದೆ. ನಮ್ಮ ದೇಶದಲ್ಲಿ ಇದರ ವ್ಯವಸ್ಥಿತ ಬೋಧನೆಗೆ ಅಡಿಪಾಯವಾದದ್ದು 1955ರಲ್ಲಿ ದೆಹಲಿಯಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್. ಅದು 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ವಿಲೀನಗೊಂಡಿತು. ಅಲ್ಲಿನ ಬೋಧನೆ ಮುಖ್ಯವಾಗಿ ಸ್ನಾತಕೋತ್ತರ ಮಟ್ಟದ್ದು.

ಹೊರನಾಡಿನ ಎರಡು ಮಾದರಿಗಳು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಹಂಟ್ಸ್‌ಮನ್ ಕಾರ್ಯಕ್ರಮ ಆರಂಭವಾಯಿತು. ಇದರಲ್ಲಿ ವಿದ್ಯಾರ್ಥಿಯು ನಾಲ್ಕು ವರ್ಷಗಳಲ್ಲಿ ಎರಡು ಪದವಿಗಳನ್ನು ಪಡೆಯುತ್ತಾನೆ: ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಬಿ.ಎ., ಇನ್ನೊಂದು ಪ್ರಸಿದ್ಧ ವಾರ್ಟನ್ ಶಾಲೆಯ ಅರ್ಥಶಾಸ್ತ್ರದ ಬಿ.ಎಸ್. ವಿದ್ಯಾರ್ಥಿಯು ಒಂದು ಭಾಷೆಯನ್ನು ಆರಿಸಿಕೊಂಡು ಅದರಲ್ಲಿ ಪ್ರಾವೀಣ್ಯ ಗಳಿಸಬೇಕು ಮತ್ತು ಆ ಭಾಷೆಯಾಡುವ ನಾಡಿನಲ್ಲಿ ಒಂದು ಸೆಮಿಸ್ಟರ್ ಓದಬೇಕು.

ಇದಕ್ಕೆ ಹತ್ತಿರದ ಇನ್ನೊಂದು ಮಾದರಿ ರೋಡ್ ಐಲೆಂಡ್ ವಿಶ್ವವಿದ್ಯಾಲಯದ್ದು. 1987ರಲ್ಲಿ ಅಲ್ಲಿ ಇಂಜಿನಿಯರಿಂಗ್ ಹಾಗೂ ಜರ್ಮನ್ ಭಾಷೆಗಳ ಜೋಡಿ ಪದವಿ ಆರಂಭವಾಯಿತು. ಮುಂದೆ ಬೇರೆ ಭಾಷೆಗಳೂ ಸೇರಿದವು. ಐದು ವರ್ಷಗಳ ಈ ವ್ಯಾಸಂಗದಲ್ಲಿ ಒಂದು ವರ್ಷ ಹೊರದೇಶದಲ್ಲಿ ಕಳೆಯುತ್ತದೆ. ಜರ್ಮನ್ ಓದುವವರು ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಿ, ಬಳಿಕ ಆರು ತಿಂಗಳು ಅಲ್ಲಿಯ ಕಂಪನಿಯೊಂದರಲ್ಲಿ ತರಬೇತಿ ಪಡೆಯುತ್ತಾರೆ.

ಈ ಎರಡೂ ಕಡೆ ಗಮನಿಸಬೇಕಾದದ್ದು ಒಂದೇ. ಎರಡು ಪದವಿಗಳು ಅಕ್ಕಪಕ್ಕದಲ್ಲಿ ಸುಮ್ಮನೆ ನಿಂತಿಲ್ಲ. ಭಾಷೆ ಹಾಗೂ ಪರನಾಡಿನ ವಾಸ ಅವೆರಡನ್ನೂ ಬೆಸೆದಿವೆ. ಬೆಸುಗೆಯಿಲ್ಲದಿದ್ದರೆ ಉಳಿಯುವುದು ಎರಡು ಪ್ರಮಾಣಪತ್ರಗಳು ಮಾತ್ರ.

ನಮ್ಮ ದೇಶದಲ್ಲಿರುವ ಅವಕಾಶ

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಏಕಕಾಲದಲ್ಲಿ ಎರಡು ಪದವಿಗಳನ್ನು ಓದಬಹುದು. ಇದಕ್ಕೆ ಮೂರು ಬಗೆಗಳಿವೆ. ತರಗತಿಯ ವೇಳೆಗಳು ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿಗೆ ಹೋಗಿಯೇ ಓದಬಹುದು. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಓದಬಹುದು. ಅಥವಾ ಎರಡನ್ನೂ ದೂರಶಿಕ್ಷಣ, ಆನ್‌ಲೈನ್ ಮೂಲಕವೇ ಮುಗಿಸಬಹುದು. ಇಡೀ ದಿನ ತರಗತಿ, ಪ್ರಯೋಗಾಲಯಗಳಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಎರಡನೆಯ ಬಗೆಯೇ ಅನುಕೂಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಂಥ ಸಂಸ್ಥೆಯಿಂದ ರಾಜ್ಯಶಾಸ್ತ್ರದ ಬಿ.ಎ. ಓದಿ, ಅದರೊಳಗೆ ಅಂತಾರಾಷ್ಟ್ರೀಯ ಸಂಬಂಧಗಳ ಅಧ್ಯಯನಕ್ಕೆ ಒತ್ತು ಕೊಡಬಹುದು.

ಪೂರ್ಣ ಪದವಿ ಭಾರವೆನಿಸಿದರೆ ಮತ್ತೊಂದು ಉಪಾಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸುವ ಕಾಲೇಜುಗಳಲ್ಲಿ ಮುಖ್ಯ ವಿಷಯದ ಜೊತೆಗೆ 'ಮೈನರ್' ವಿಷಯವನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ಅರ್ಥಶಾಸ್ತ್ರ ಮುಖ್ಯವಾಗಿದ್ದು ರಾಜ್ಯಶಾಸ್ತ್ರ ಮೈನರ್ ಆದರೂ ಈ ಕ್ಷೇತ್ರಕ್ಕೆ ಉತ್ತಮ ಪ್ರವೇಶ ದೊರೆತಂತಾಗುತ್ತದೆ.

ಭಾಷೆಯ ಕಲಿಕೆಗೆ ನಮ್ಮ ಮಹಾನಗರಗಳಲ್ಲಿ ಕೊರತೆಯಿಲ್ಲ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಮ್ಯಾಕ್ಸ್ ಮುಲ್ಲರ್ ಭವನಗಳಿವೆ. ಫ್ರೆಂಚ್ ಕಲಿಯಲು ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಯೂರೋಪಿನ ಭಾಷೆಗಳ ಕಲಿಕೆಯನ್ನು ಎ-1ರಿಂದ ಸಿ-2ರವರೆಗೆ ಆರು ಹಂತಗಳಲ್ಲಿ ಅಳೆಯುತ್ತಾರೆ. ಮೊದಲ ಹಂತದಲ್ಲೇ ನಿಂತ ಭಾಷೆಯಿಂದ ವೃತ್ತಿಗೆ ಹೆಚ್ಚಿನ ಉಪಯೋಗವಿಲ್ಲ.

ಎಚ್ಚರದ ಮಾತುಗಳು

ದೂರಶಿಕ್ಷಣದ ಸಂಸ್ಥೆಗೆ ಹಾಗೂ ಆ ನಿರ್ದಿಷ್ಟ ಪದವಿಗೆ ಆಯೋಗದ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ವೃತ್ತಿಪರ ಶಿಕ್ಷಣಕ್ಕೆ ಆಯಾ ಮಂಡಳಿಗಳ ನಿಯಮಗಳೂ ಅನ್ವಯಿಸುತ್ತವೆ. ಉದಾಹರಣೆಗೆ, ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು ಕಾನೂನು ಪದವಿಯ ಜೊತೆಗೆ ಇನ್ನೊಂದು ರೆಗ್ಯುಲರ್ ಪದವಿಯನ್ನು ಓದುವುದನ್ನು ನಿರ್ಬಂಧಿಸಿವೆ. ಹಾಜರಾತಿ, ಪರೀಕ್ಷಾ ವೇಳಾಪಟ್ಟಿಗಳ ವಿಷಯವಾಗಿ ಕಾಲೇಜಿನಿಂದ ಲಿಖಿತ ಉತ್ತರ ಪಡೆಯುವುದು ಲೇಸು.

ವಿದೇಶಾಂಗ ಸೇವೆಗೆ ಈ ಪದವಿ ಕಡ್ಡಾಯವೆಂಬ ತಪ್ಪು ಕಲ್ಪನೆಯೂ ಬೇಡ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ಯಾವುದೇ ಪದವಿ ಸಾಕು. ಕೊಡಗಿನ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ. ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. ಜೋಡಿ ಓದಿನ ಬೆಲೆ ಇರುವುದು ಬೇರೆಡೆ: ಇಂಜಿನಿಯರನಿಗೆ ತನ್ನ ಯಂತ್ರ ಹೋಗಿ ಸೇರುವ ನಾಡು ತಿಳಿಯುತ್ತದೆ, ಲೆಕ್ಕಪತ್ರ ಬಲ್ಲವನಿಗೆ ಸುಂಕ, ಒಪ್ಪಂದಗಳ ಹಿಂದಿನ ರಾಜಕಾರಣ ಅರ್ಥವಾಗುತ್ತದೆ.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು ಅಥವಾ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತ ಬೆಳೆದ ನಮ್ಮ ಮಕ್ಕಳಿಗೆ ಪರಭಾಷೆಯ ನಡುವೆ ಬಾಳುವ ಅಭ್ಯಾಸ ಬಾಲ್ಯದಿಂದಲೇ ಬಂದಿದೆ. ಈ ಓದಿಗೆ ಅದು ಸಣ್ಣ ಬಂಡವಾಳವಲ್ಲ. ಆದರೆ ಎರಡು ಪದವಿಗಳ ಶ್ರಮವನ್ನು ಹೊರುವವರು ಅವರೇ. ಆದುದರಿಂದ ನಾವು ಹಿರಿಯರು ತೀರ್ಮಾನವನ್ನು ಹೇರದೆ, ಪಠ್ಯಕ್ರಮ ಹಾಗೂ ವೇಳಾಪಟ್ಟಿಗಳನ್ನು ಮುಂದಿಟ್ಟುಕೊಂಡು ಅವರೊಡನೆ ಕುಳಿತು ಮಾತನಾಡೋಣ. ಎರಡನ್ನೂ ಬೆಸೆಯುವ ಆಸಕ್ತಿ ಮಗುವಿನಲ್ಲಿದ್ದರೆ ಮುಂದುವರಿಯೋಣ. ಇಲ್ಲವಾದರೆ ಒಂದನ್ನೇ ಚೆನ್ನಾಗಿ ಓದಲಿ ಎಂದು ಹರಸೋಣ.