ರೈತನ ಮಗ ಜಮೀನ್ದಾರನಾದ ಬಗೆ: ‘ಕೆಂಪು ಕಣಜದ ಕೊಲೆ’ಯ ಕಥನ ಪರಂಪರೆ

1935ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ, ಮಿಲ್ಟನ್ ರಾಸ್ಮರ್ ನಿರ್ದೇಶನದ ‘ಮರಿಯಾ ಮಾರ್ಟನ್ ಅಥವಾ ಕೆಂಪು ಕಣಜದ ಕೊಲೆ’ ಚಲನಚಿತ್ರವು ಅತಿಭಾವುಕ ಅಪರಾಧಕಥನಕ್ಕೆ ಒಂದು ಮಾದರಿ. ಊರಿನ ಜಮೀನ್ದಾರ ವಿಲಿಯಂ ಕಾರ್ಡರ್ ಬಡ ಹುಡುಗಿ ಮರಿಯಾಳನ್ನು ಮರುಳುಗೊಳಿಸಿ, ಕಡೆಗೆ ಅವಳನ್ನು ಕೊಂದು ಕಣಜದಲ್ಲಿ ಹೂಳುತ್ತಾನೆ. ಜಮೀನ್ದಾರನ ಪಾತ್ರ ವಹಿಸಿದ ಟಾಡ್ ಸ್ಲಾಟರ್ (1885–1956) ಇಂತಹ ಹಳೆಯ ನಾಟಕಗಳನ್ನು 1920ರ ದಶಕದಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ ಮತ್ತೆ ಆಡಿಸಿದ ನಟ. ಪಾತ್ರಧಾರಿಗಳನ್ನು ರಂಗಮಂಚದ ಮೇಲೆ ಪ್ರೇಕ್ಷಕರಿಗೆ ಪರಿಚಯಿಸುವುದರೊಂದಿಗೆ ಚಿತ್ರ ಆರಂಭವಾಗುತ್ತದೆ. ತನ್ನ ಮೂಲವನ್ನು ಅದು ಮರೆಮಾಚುವುದಿಲ್ಲ. ಆದರೆ ಚರಿತ್ರೆಯ ಕಾರ್ಡರ್ ಜಮೀನ್ದಾರನಾಗಿರಲಿಲ್ಲ. ಈ ಪಲ್ಲಟದ ಅರ್ಥವನ್ನು ಶೋಧಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಘಟನೆ ನಡೆದುದು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಪೋಲ್‌ಸ್ಟೆಡ್ ಗ್ರಾಮದಲ್ಲಿ. ಮರಿಯಾಳ ತಂದೆ ಹೊಲಗಳಲ್ಲಿ ಬಿಲ ತೋಡುವ ಪ್ರಾಣಿಗಳನ್ನು ಹಿಡಿದು ಜೀವಿಸುತ್ತಿದ್ದ ಬಡವ. ಕಾರ್ಡರ್ ಅದೇ ಊರಿನ ಅನುಕೂಲಸ್ಥ ರೈತನ ಮಗ. ಮರಿಯಾಳಿಗೆ ಮದುವೆಯಿಲ್ಲದೆ ಈ ಮೊದಲೇ ಇಬ್ಬರು ಪುರುಷರಿಂದ ಎರಡು ಮಕ್ಕಳಾಗಿದ್ದವು. ಒಂದರ ತಂದೆ ಕಾರ್ಡರನ ಅಣ್ಣನೇ ಆಗಿದ್ದನು. ಕಾರ್ಡರನಿಂದ ಜನಿಸಿದ ಶಿಶು 1827ರಲ್ಲಿ ತೀರಿಕೊಂಡಿತು. ವಿವಾಹಬಾಹಿರ ಮಕ್ಕಳನ್ನು ಹೆತ್ತುದಕ್ಕಾಗಿ ಅಧಿಕಾರಿಗಳು ಬಂಧಿಸುವರೆಂದು ಹೆದರಿಸಿ, ಇಪ್ಸ್‌ವಿಚ್‌ನಲ್ಲಿ ಮದುವೆಯಾಗೋಣವೆಂದು ನಂಬಿಸಿ, 1827ರ ಮೇ 18ರಂದು ಅವನು ಅವಳನ್ನು ಗಂಡುಡುಗೆಯಲ್ಲಿ ಕಣಜಕ್ಕೆ ಕರೆಸಿಕೊಂಡನು. ಮಲತಾಯಿ ತಾನು ಕಂಡ ಕನಸನ್ನು ಹೇಳಲಾಗಿ, 1828ರ ಏಪ್ರಿಲ್ 19ರಂದು ತಂದೆ ನೆಲವನ್ನು ಅಗೆದು ಶವವನ್ನು ಕಂಡನು. ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ವಿಚಾರಣೆ ನಡೆದು, ಅದೇ ವರ್ಷದ ಆಗಸ್ಟ್ 11ರಂದು ಕಾರ್ಡರನನ್ನು ಗಲ್ಲಿಗೇರಿಸಲಾಯಿತು.

ವಿಚಾರಣೆಗೆ ಮೊದಲೇ ಕಥೆ ಜಾತ್ರೆಯ ಪ್ರದರ್ಶನಗಳನ್ನು ಸೇರಿತ್ತು. ಜೇಮ್ಸ್ ಕ್ಯಾಟ್ನಕ್ ಅಚ್ಚುಹಾಕಿದ ಒಂದು ಹಾಳೆಯ ಪ್ರಕಟಣೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತೆಂದು ಲೆಕ್ಕ ಹೇಳಲಾಗಿದೆ. ಅದರಲ್ಲಿನ ಕಥನಗೀತೆಯನ್ನು ಕೊಲೆಗಾರನೇ ಹಾಡುತ್ತಾನೆ. ಯುವಕರಿಗೆ ಎಚ್ಚರಿಕೆ ಹೇಳುತ್ತಾನೆ. ಅಲ್ಲಿ ಅಪರಾಧಿಯು ಕೇಳುಗರಲ್ಲೊಬ್ಬನಾಗಿಯೇ ಉಳಿದಿದ್ದಾನೆ ಎಂಬುದು ಗಮನಾರ್ಹ.

ರಂಗಭೂಮಿಗಾದರೋ ಸಿದ್ಧಪಾತ್ರಗಳು ಬೇಕಿದ್ದವು: ದುಷ್ಟ ಧನಿಕ, ನಿಷ್ಕಳಂಕ ಕನ್ಯೆ, ನಿಷ್ಠಾವಂತ ಪ್ರೇಮಿ. ಹೀಗಾಗಿ ಕಾರ್ಡರ್ ಜಮೀನ್ದಾರನಾದ. ಚಿತ್ರದಲ್ಲಿ ಕಾರ್ಲೋಸ್ ಎಂಬ ಜಿಪ್ಸಿ ಯುವಕ ಮರಿಯಾಳ ಪ್ರೇಮಿಯಾಗಿ ಬಂದ. ಮರಿಯಾಳ ಹಿಂದಿನ ಮಕ್ಕಳು ಕಥೆಯಿಂದಲೇ ಮಾಯವಾದರು. ಸತ್ತವರು ಕನಸಿನಲ್ಲಿ ಸತ್ಯವನ್ನು ತಿಳಿಸುವರೆಂಬ ಜಾನಪದ ಆಶಯ ಮಾತ್ರ ಪರಂಪರೆಯಲ್ಲಿ ದೃಢವಾಗಿ ನಿಂತಿತು.

ಈ ಮಾರ್ಪಾಟನ್ನು ಬಡವರ ಪ್ರತಿಭಟನೆಯೆಂದು ಓದಲು ಸಾಧ್ಯವಿದೆ: ಉಳ್ಳವನು ಗಲ್ಲಿಗೇರುವುದನ್ನು ಜನ ಕಣ್ಣಾರೆ ಕಂಡರು. ಆದರೆ ಈ ಓದು ಅಪೂರ್ಣ. ಮರಿಯಾಳನ್ನು ಕಣಜಕ್ಕೆ ನಡೆಸಿದುದು ಬಂಗಲೆಯ ದರ್ಪವಲ್ಲ. ಬಡ ತಾಯಿಯನ್ನು ಅಪರಾಧಿಯಂತೆ ಕಾಣುತ್ತಿದ್ದ ಕಾನೂನಿನ ಭಯ. ಆ ಭಯವನ್ನು ಬಳಸಿಕೊಂಡವನು ನೆರೆಯವನೇ. ಅವನನ್ನು ಜಮೀನ್ದಾರನನ್ನಾಗಿಸಿದ ಕಥನವು ಪಾಪವನ್ನು ಊರಿನಿಂದಾಚೆಗೆ ಸಾಗಿಸಿತು. ಕನಿಕರಕ್ಕೆ ಅರ್ಹಳಾಗಲು ಮರಿಯಾಳು ಕಳಂಕರಹಿತಳಾಗಿರಲೇಬೇಕೆಂದು ವಿಧಿಸಿತು. ಜನಪದ ಕಥನಗಳು ಏನನ್ನು ನೆನೆಯುತ್ತವೆ ಎಂಬಷ್ಟೇ ಏನನ್ನು ಮರೆಯುತ್ತವೆ ಎಂಬುದೂ ಅಧ್ಯಯನಯೋಗ್ಯವಾದುದು.